ಕಲಿಕೆ ನೆರೆಗದ್ದೆಗೆ ಏಕೆ ದಾಟಲಿಲ್ಲ? ಇಂಡೋನೇಷ್ಯಾದ ರೈತ ಕ್ಷೇತ್ರ ಪಾಠಶಾಲೆ: ಒಂದು ಮರುವಿಮರ್ಶೆ

ಕೃಷಿ ತರಬೇತಿ ಫಲ ಕೊಟ್ಟಿತೇ ಎಂದು ತಿಳಿಯಲು ವಿಸ್ತರಣಾ ತಜ್ಞರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಹೇಳಿಕೊಟ್ಟದ್ದನ್ನು ಎಷ್ಟು ರೈತರು ಅಳವಡಿಸಿಕೊಂಡರು? ಅವರಿಂದ ಅದು ನೆರೆಹೊರೆಗೆ ಎಷ್ಟು ಹರಡಿತು? ಕೈಯಾರೆ ಮಾಡಿ ಕಲಿಯುವ ತರಬೇತಿಗಳಲ್ಲಿ ಹೆಚ್ಚು ಚರ್ಚೆಗೊಳಗಾದ ಇಂಡೋನೇಷ್ಯಾದ ರೈತ ಕ್ಷೇತ್ರ ಪಾಠಶಾಲೆ ಎರಡನೆಯ ಪ್ರಶ್ನೆಯಲ್ಲಿ ಹಿಂದೆ ಬಿತ್ತು. ಅದರ ಕಾರಣ ಆ ಕಲಿಕೆಯ ಸ್ವರೂಪದಲ್ಲೇ ಇದೆ, ಸುಸ್ಥಿರ ಕೃಷಿಯ ಯಾವುದೇ ತರಬೇತಿ ಅದನ್ನು ಗಮನಿಸಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

ಹಿನ್ನೆಲೆ

1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿದ ಇಂಡೋನೇಷ್ಯಾ ಮರುವರ್ಷಗಳಲ್ಲೇ ಕಂದು ಜಿಗಿಹುಳುವಿನ ಹಾವಳಿಗೆ ಸಿಕ್ಕಿತು. ಕೀಟನಾಶಕಗಳಿಗೆ ಸರ್ಕಾರ ಭಾರಿ ಸಹಾಯಧನ ನೀಡುತ್ತಿತ್ತು. ಸಿಂಪಡಣೆಗೆ ಜೇಡಗಳೂ ಇತರ ಮಿತ್ರ ಕೀಟಗಳೂ ಬಲಿಯಾದವು. ಪೈರಿನ ಅಂಗಾಂಶದೊಳಗೆ ಇಟ್ಟ ಜಿಗಿಹುಳುವಿನ ಮೊಟ್ಟೆಗಳು ಮಾತ್ರ ಉಳಿದುಕೊಂಡವು. ಮರಿಗಳು ಹೊರಬಿದ್ದಾಗ ಅವನ್ನು ಹಿಡಿದು ತಿನ್ನುವ ಜೀವಿಗಳೇ ಗದ್ದೆಯಲ್ಲಿರಲಿಲ್ಲ. 1986ರ ನವೆಂಬರ್‌ನಲ್ಲಿ ಅಧ್ಯಕ್ಷರ ಆದೇಶವೊಂದು 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು. ಆದರೆ ಔಷಧಿ ಯಾವಾಗ ಬೇಕು, ಯಾವಾಗ ಬೇಡ ಎಂದು ತೀರ್ಮಾನಿಸುವ ಶಕ್ತಿಯನ್ನು ಆದೇಶ ಕೊಡಲಾರದು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನೊಂದಿಗೆ ಆರಂಭವಾದ ಕ್ಷೇತ್ರ ಪಾಠಶಾಲೆಗಳು ಈ ಕೊರತೆಯನ್ನು ತುಂಬಲು ಹುಟ್ಟಿದವು.

ಬೋಧನಾ ಕ್ರಮ

ಸುಮಾರು 25 ರೈತರ ಗುಂಪು ಬೆಳೆಯ ಹಂಗಾಮಿನುದ್ದಕ್ಕೂ ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರುತ್ತಿತ್ತು. ಒಂದು ತಾಕಿನಲ್ಲಿ ರೂಢಿಯ ಬೇಸಾಯ, ಪಕ್ಕದ ತಾಕಿನಲ್ಲಿ ಸಮಗ್ರ ಕೀಟ ನಿರ್ವಹಣೆ. ಬೆಳಗ್ಗೆ ಸಣ್ಣ ಸಣ್ಣ ತಂಡಗಳಲ್ಲಿ ಕೆಸರಿಗಿಳಿದು ತೆಂಡೆಗಳನ್ನು ಎಣಿಸುವುದು, ಬುಡದಲ್ಲಿ ಕಂಡ ಹುಳುಗಳನ್ನೂ ಜೇಡಗಳನ್ನೂ ಲೆಕ್ಕ ಹಾಕುವುದು, ನೀರಿನ ಮಟ್ಟ ನೋಡುವುದು. ಬಳಿಕ ದೊಡ್ಡ ಹಾಳೆಯ ನಡುವೆ ಪೈರನ್ನು ಬರೆದು, ಒಂದು ಬದಿಗೆ ಪೀಡೆಗಳನ್ನೂ ಮತ್ತೊಂದು ಬದಿಗೆ ಮಿತ್ರ ಕೀಟಗಳನ್ನೂ ಚಿತ್ರಿಸಿ, ಈ ವಾರ ಏನು ಮಾಡಬೇಕೆಂದು ಎಲ್ಲರೆದುರು ವಾದಿಸುವುದು. ‘ಇದು ಯಾವ ಹುಳು?’ ಎಂದು ಕೇಳಿದವರಿಗೆ ತರಬೇತುದಾರರು ನೇರ ಉತ್ತರ ಕೊಡದೆ, ‘ಎಲ್ಲಿ ಸಿಕ್ಕಿತು? ಏನು ಮಾಡುತ್ತಿತ್ತು?’ ಎಂದು ಮರುಪ್ರಶ್ನೆ ಹಾಕುತ್ತಿದ್ದರು. ಎಳೆಯ ಪೈರಿನ ಎಲೆಗಳನ್ನು ರೈತರೇ ಕತ್ತರಿಸಿ, ಅದು ಚೇತರಿಸಿಕೊಳ್ಳುವುದನ್ನು ವಾರವಾರವೂ ನೋಡುತ್ತಿದ್ದರು. ಎಲೆ ಹರಿದರೆ ಇಳುವರಿ ಹೋಯಿತು ಎಂಬ ಭಯ ಹೀಗೆ ಕರಗುತ್ತಿತ್ತು. ತರಬೇತುದಾರರಿಗೂ ವಿನಾಯಿತಿ ಇರಲಿಲ್ಲ. ಅವರು ಮೊದಲು ಒಂದು ಹಂಗಾಮು ತಾವೇ ಭತ್ತ ಬೆಳೆಯಬೇಕಿತ್ತು.

ಮೌಲ್ಯಮಾಪನದ ವಿವಾದ

ಹತ್ತು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ರೈತರು ಈ ಪಾಠಶಾಲೆಗಳಲ್ಲಿ ಕಲಿತರು. ಫೆಡರ್, ಮುರ್ಗೈ ಮತ್ತು ಕ್ವಿಜಾನ್ 2004ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕಲಿತವರಲ್ಲಾಗಲಿ ಅವರ ನೆರೆಯವರಲ್ಲಾಗಲಿ ಇಳುವರಿ ಮತ್ತು ಕೀಟನಾಶಕ ಬಳಕೆಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಾಡಿಂಗ್ಟನ್ ಮತ್ತು ಸಂಗಡಿಗರ 2014ರ ಸಮೀಕ್ಷೆಯ ಚಿತ್ರ ಬೇರೆ. ಸಣ್ಣ ಪ್ರಮಾಣದಲ್ಲಿ, ಕಾಳಜಿಯಿಂದ ನಡೆದಲ್ಲಿ ಭಾಗವಹಿಸಿದವರಿಗೆ ಲಾಭವಾಗಿತ್ತು; ನೆರೆಯವರಿಗೆ ಮಾತ್ರ ಕಲಿಕೆ ದಾಟಿರಲಿಲ್ಲ.

ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟು ನೋಡಿದರೆ ಒಂದು ವಿವರಣೆ ದೊರೆಯುತ್ತದೆ. ಪಾಠಶಾಲೆಯಲ್ಲಿ ರೈತ ಪಡೆದದ್ದು ಒಂದು ಸೂತ್ರವಲ್ಲ, ಗದ್ದೆಯನ್ನು ಓದುವ ಅಭ್ಯಾಸ. ಅದು ಬದುವಿನ ಮೇಲಿನ ಮಾತುಕತೆಯಲ್ಲಿ ಕೈಬದಲಾಗುವುದಿಲ್ಲ. ಎಣಿಸಿ, ಅಂದಾಜು ಮಾಡಿ, ಮುಂದಿನ ವಾರ ಅದರ ಪರಿಣಾಮ ಕಂಡವರಿಗೆ ಮಾತ್ರ ಒದಗುತ್ತದೆ. ಕಾರ್ಯಕ್ರಮ ಲಕ್ಷಗಟ್ಟಲೆ ಜನರತ್ತ ಧಾವಿಸಿದಾಗ ಮೊದಲು ತೆಳುವಾಗುವುದೂ ಇದೇ ಅಭ್ಯಾಸ.

ಕರ್ನಾಟಕಕ್ಕೆ ಅನ್ವಯ

ನಮ್ಮಲ್ಲಿ ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರರ ಶಿಬಿರಗಳ ಮೂಲಕ ಜೀವಾಮೃತವೆಂಬ ದ್ರವಗೊಬ್ಬರ ಊರೂರಿಗೆ ತಲುಪಿದೆ. ಹತ್ತು ಕೆ.ಜಿ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು, 200 ಲೀಟರ್ ನೀರು: ಈ ಲೆಕ್ಕ ಕೇಳಿದರೆ ಸಾಕು, ನೆನಪಿನಲ್ಲಿ ನಿಲ್ಲುತ್ತದೆ. ಹರಡಲು ಅದರ ಸರಳತೆಯೇ ಬಲ. ಆದರೆ ಹೊದಿಕೆ ಎಷ್ಟು ದಪ್ಪ ಇರಬೇಕು, ಮಣ್ಣಿಗೆ ಹದ ಬಂದಿದೆಯೇ, ಕಂಡ ಹುಳು ಶತ್ರುವೋ ಮಿತ್ರನೋ ಎಂಬುದನ್ನು ಅವರವರ ಹೊಲದಲ್ಲೇ ನಿರ್ಧರಿಸಬೇಕು. ಶಿಬಿರ ಕೊಟ್ಟ ಉತ್ಸಾಹಕ್ಕೆ ಹಂಗಾಮಿನುದ್ದದ ಸಂಗಾತ ಸೇರದಿದ್ದರೆ, ಮೊದಲ ಪೀಡೆಯ ಎದುರು ರೈತ ಒಂಟಿಯಾಗುತ್ತಾನೆ. ಬೆಂಗಳೂರಿನ ಎಎಂಇ ಪ್ರತಿಷ್ಠಾನ ದಕ್ಷಿಣದ ಒಣಬೇಸಾಯ ಪ್ರದೇಶಗಳಲ್ಲಿ ಕ್ಷೇತ್ರ ಪಾಠಶಾಲೆಗಳನ್ನು ನಡೆಸಿರುವುದರಿಂದ ಈ ಮಾದರಿ ನಮಗೆ ಅಪರಿಚಿತವೂ ಅಲ್ಲ.

ಸಮಾರೋಪ

ಈ ಚರ್ಚೆಯಿಂದ ಮೂರು ತೀರ್ಮಾನಗಳು ಹೊರಡುತ್ತವೆ. ತರಬೇತಿಯ ಅವಧಿಯನ್ನು ಇಲಾಖೆಯ ವೇಳಾಪಟ್ಟಿಗಿಂತ ಬೆಳೆಯ ಅವಧಿ ನಿರ್ಧರಿಸಬೇಕು. ಕಲಿಸುವವರು ಮೊದಲು ಆ ಬೆಳೆಯನ್ನು ಬೆಳೆದಿರಬೇಕು. ಮೌಲ್ಯಮಾಪನದಲ್ಲಿ ಅಳವಡಿಕೆಯ ಶೇಕಡಾವಾರಿನ ಜೊತೆಗೆ, ಹಿಂದೆ ಕಾಣದ ಸಮಸ್ಯೆಯೊಂದನ್ನು ರೈತರು ತಾವೇ ಹೇಗೆ ಪರೀಕ್ಷಿಸಿ ನಿರ್ಧಾರಕ್ಕೆ ಬಂದರು ಎಂಬುದೂ ದಾಖಲಾಗಬೇಕು. ಇಂಥ ತರಬೇತಿಗೆ ಖರ್ಚು ಹೆಚ್ಚು, ತಲುಪುವ ಜನ ಕಡಿಮೆ. ನೆರೆಗದ್ದೆಗೆ ಕಲಿಕೆ ತಾನಾಗಿ ದಾಟದು ಎಂದು ತಿಳಿದ ಮೇಲೆ, ಆ ಗದ್ದೆಯಲ್ಲೂ ಒಂದು ಪಾಠಶಾಲೆ ತೆರೆಯುವುದೇ ಸರ್ಕಾರ ಹೊರಬೇಕಾದ ಹೊಣೆ.