ಹೆಲ್ತಿ ಸ್ಟಾರ್ಟ್ ಯೋಜನೆ

ಹೆಲ್ತಿ ಸ್ಟಾರ್ಟ್ ಎಂಬುದು ಯುನೈಟೆಡ್ ಕಿಂಗ್‌ಡಂನ ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಜಾರಿಯಲ್ಲಿರುವ ಸರ್ಕಾರಿ ಪೌಷ್ಟಿಕ ಆಹಾರ ನೆರವಿನ ಯೋಜನೆ. ಕಡಿಮೆ ಆದಾಯದ ಕುಟುಂಬಗಳ ಗರ್ಭಿಣಿಯರು ಹಾಗೂ ನಾಲ್ಕು ವರ್ಷದೊಳಗಿನ ಮಕ್ಕಳು ಇದರ ಫಲಾನುಭವಿಗಳು. ಹಾಲು, ಹಣ್ಣು, ತರಕಾರಿ, ಬೇಳೆಕಾಳುಗಳನ್ನು ಕೊಳ್ಳಲು ಮಾತ್ರ ಬಳಸಬಹುದಾದ ಹಣವನ್ನು ಈ ಯೋಜನೆ ಒದಗಿಸುತ್ತದೆ. 2006ರಲ್ಲಿ ಕಾಗದದ ಚೀಟಿಗಳ (ವೋಚರ್) ರೂಪದಲ್ಲಿ ದೇಶವ್ಯಾಪಿಯಾದ ಇದು ಈಗ ಕಾರ್ಡಿನ ಮೂಲಕ ನಡೆಯುತ್ತಿದೆ.

ಹಿನ್ನೆಲೆ

ಈ ಯೋಜನೆಯ ಮೂಲ ಎರಡನೆಯ ಮಹಾಯುದ್ಧದ ಕಾಲದ್ದು. ಯುದ್ಧದಿಂದ ಆಹಾರದ ಅಭಾವ ತಲೆದೋರಿದಾಗ ತಾಯಂದಿರು ಮತ್ತು ಎಳೆಯ ಮಕ್ಕಳ ಆರೋಗ್ಯವನ್ನು ಕಾಪಾಡಲು 1940ರಲ್ಲಿ ಬ್ರಿಟಿಷ್ ಸರ್ಕಾರವು 'ವೆಲ್‌ಫೇರ್ ಫುಡ್ ಸ್ಕೀಮ್' ಆರಂಭಿಸಿತು. ಹಾಲಿನ ಜೊತೆಗೆ ಕಿತ್ತಳೆ ರಸ ಮತ್ತು ಕಾಡ್ ಮೀನಿನೆಣ್ಣೆಯನ್ನೂ ಅಂದು ಹಂಚಲಾಗುತ್ತಿತ್ತು. ಕಾಲಕ್ರಮದಲ್ಲಿ ಯೋಜನೆಯು ಬಡ ಕುಟುಂಬಗಳಿಗೆ ಸೀಮಿತವಾಗಿ, ವಾರಕ್ಕೆ ಏಳು ಪಿಂಟ್ (ಸುಮಾರು 4 ಲೀಟರ್) ಹಾಲಿಗೆ ಅಥವಾ 900 ಗ್ರಾಂ ಶಿಶುಗಳ ಪುಡಿಹಾಲಿಗೆ ಸಲ್ಲುವ ಟೋಕನ್‌ಗಳ ರೂಪ ತಾಳಿತು.

ಈ ವ್ಯವಸ್ಥೆಯಲ್ಲಿ ಹಣ್ಣು ತರಕಾರಿಗಳಿಗೆ ಅವಕಾಶವಿರಲಿಲ್ಲ. ಮೊಲೆಹಾಲುಣಿಸುವ ತಾಯಿಗೆ ದೊರೆಯುತ್ತಿದ್ದ ಹಾಲಿಗಿಂತ ಪುಡಿಹಾಲಿನ ಬೆಲೆಯೇ ಹೆಚ್ಚಾಗಿದ್ದುದರಿಂದ, ಯೋಜನೆಯೇ ಮೊಲೆಹಾಲಿಗೆ ಅಡ್ಡಿಯಾಗುತ್ತಿದೆ ಎಂಬ ಟೀಕೆಯೂ ಇತ್ತು. ತಜ್ಞರ ಪರಾಮರ್ಶೆಯ ನಂತರ, 2005ರ ನವೆಂಬರ್‌ನಲ್ಲಿ ಡೆವನ್ ಮತ್ತು ಕಾರ್ನ್‌ವಾಲ್‌ನಲ್ಲಿ ಹೊಸ ಯೋಜನೆಯನ್ನು ಪ್ರಾಯೋಗಿಕವಾಗಿ ಜಾರಿಗೊಳಿಸಲಾಯಿತು. ಮರುವರ್ಷ ನವೆಂಬರ್‌ನಲ್ಲಿ ಅದು ಎಲ್ಲೆಡೆಗೆ ವಿಸ್ತರಿಸಿತು. ಸ್ಕಾಟ್ಲೆಂಡ್ 2019ರ ಆಗಸ್ಟ್‌ನಲ್ಲಿ ಇದರ ಬದಲು 'ಬೆಸ್ಟ್ ಸ್ಟಾರ್ಟ್ ಫುಡ್ಸ್' ಎಂಬ ತನ್ನದೇ ಯೋಜನೆಯನ್ನು ತಂದಿತು.

ಅರ್ಹತೆ ಮತ್ತು ಮೊತ್ತ

ಗರ್ಭಧಾರಣೆಯ ಹತ್ತನೆಯ ವಾರದಿಂದ ನೆರವು ಪಡೆಯಬಹುದು. ಯುನಿವರ್ಸಲ್ ಕ್ರೆಡಿಟ್ ಎಂಬ ಸಾಮಾಜಿಕ ಭದ್ರತಾ ನೆರವು ಪಡೆಯುವ ಕುಟುಂಬದ ದುಡಿಮೆಯ ಆದಾಯ ತಿಂಗಳಿಗೆ 408 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. 18 ವರ್ಷದೊಳಗಿನ ಗರ್ಭಿಣಿಯರಿಗೆ ಈ ಆದಾಯದ ಮಿತಿ ಅನ್ವಯಿಸುವುದಿಲ್ಲ.

ಆರಂಭದಲ್ಲಿ ಒಂದು ಚೀಟಿಯ ಬೆಲೆ ವಾರಕ್ಕೆ 2.80 ಪೌಂಡ್ ಆಗಿತ್ತು. 2009ರಲ್ಲಿ ಅದು 3.10 ಪೌಂಡ್‌ಗೆ ಏರಿತು. ಅನಂತರ ಹನ್ನೆರಡು ವರ್ಷಗಳ ಕಾಲ ಆಹಾರದ ಬೆಲೆಗಳು ಏರಿದರೂ ಚೀಟಿಯ ಬೆಲೆ ಏರಲಿಲ್ಲ. 2021ರ ಏಪ್ರಿಲ್‌ನಲ್ಲಿ ಅದನ್ನು 4.25 ಪೌಂಡ್‌ಗೆ ಹೆಚ್ಚಿಸಲಾಯಿತು. ಒಂದು ವರ್ಷದೊಳಗಿನ ಶಿಶುವಿಗೆ ಇದರ ಎರಡರಷ್ಟು, ಅಂದರೆ 8.50 ಪೌಂಡ್ ನಿಗದಿಯಾಯಿತು. 2026ರ ಏಪ್ರಿಲ್‌ನಿಂದ ಈ ಮೊತ್ತಗಳನ್ನು ಕ್ರಮವಾಗಿ 4.65 ಮತ್ತು 9.30 ಪೌಂಡ್‌ಗೆ ಏರಿಸುವುದಾಗಿ 2025ರಲ್ಲಿ ಸರ್ಕಾರ ಪ್ರಕಟಿಸಿತು.

ಕೊಳ್ಳಬಹುದಾದ ಪದಾರ್ಥಗಳು

* ಹಸುವಿನ ಸಾದಾ ಹಾಲು
* ತಾಜಾ, ಶೀತಲೀಕರಿಸಿದ ಅಥವಾ ಡಬ್ಬಿಯ ಹಣ್ಣು ಮತ್ತು ತರಕಾರಿ
* ತಾಜಾ, ಒಣ ಅಥವಾ ಡಬ್ಬಿಯ ಬೇಳೆಕಾಳುಗಳು
* ಹಸುವಿನ ಹಾಲಿನಿಂದ ತಯಾರಿಸಿದ, ಹುಟ್ಟಿದಂದಿನಿಂದ ಕೊಡಬಹುದಾದ ಶಿಶುಗಳ ಪುಡಿಹಾಲು

ಸಕ್ಕರೆ, ಉಪ್ಪು ಅಥವಾ ಕೊಬ್ಬು ಬೆರೆಸಿದ ಹಣ್ಣು ತರಕಾರಿಗಳಿಗೆ ಅನುಮತಿಯಿಲ್ಲ. ಇದರೊಂದಿಗೆ ಗರ್ಭಿಣಿಯರು ಮತ್ತು ಬಾಣಂತಿಯರಿಗೆ ಫೋಲಿಕ್ ಆಮ್ಲ ಹಾಗೂ ಸಿ ಮತ್ತು ಡಿ ಜೀವಸತ್ವಗಳ ಮಾತ್ರೆಗಳನ್ನು, ಮಕ್ಕಳಿಗೆ ಎ, ಸಿ ಮತ್ತು ಡಿ ಜೀವಸತ್ವಗಳ ಹನಿಗಳನ್ನು ಉಚಿತವಾಗಿ ನೀಡಲಾಗುತ್ತದೆ.

ಚೀಟಿಯಿಂದ ಕಾರ್ಡಿಗೆ

ಕಾಗದದ ಚೀಟಿಗಳನ್ನು ನೋಂದಾಯಿತ ಅಂಗಡಿಗಳಲ್ಲಿ ಮಾತ್ರ ಸ್ವೀಕರಿಸಲಾಗುತ್ತಿತ್ತು. ಇತರ ಗಿರಾಕಿಗಳ ಎದುರಿನಲ್ಲಿ ಚೀಟಿ ಕೊಡಬೇಕಾಗಿದ್ದುದು ಕೆಲವು ತಾಯಂದಿರಿಗೆ ಮುಜುಗರದ ಸಂಗತಿಯಾಗಿತ್ತು. 2021ರಲ್ಲಿ ಪರಿಚಯಿಸಲಾದ ಕಾರ್ಡು ಸಾಮಾನ್ಯ ಬ್ಯಾಂಕ್ ಕಾರ್ಡಿನಂತೆಯೇ ಇದ್ದು, ನಾಲ್ಕು ವಾರಗಳಿಗೊಮ್ಮೆ ಅದಕ್ಕೆ ಹಣ ಜಮೆಯಾಗುತ್ತದೆ. 2022ರ ಮಾರ್ಚ್ ವೇಳೆಗೆ ಚೀಟಿಗಳು ನಿಂತುಹೋದವು.

ಈ ಬದಲಾವಣೆಯಿಂದ ತೊಡಕುಗಳೂ ಉಂಟಾದವು. ಅದಾಗಲೇ ಚೀಟಿ ಪಡೆಯುತ್ತಿದ್ದ ಕುಟುಂಬಗಳೂ ಕಾರ್ಡಿಗಾಗಿ ಹೊಸದಾಗಿ ಅರ್ಜಿ ಸಲ್ಲಿಸಬೇಕಾಯಿತು. ಅಂತರ್ಜಾಲದ ಬಳಕೆ ತಿಳಿಯದವರಿಗೆ, ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ಇದು ಕಷ್ಟವಾಯಿತು. ಕಾರ್ಡ್ ಯಂತ್ರವಿಲ್ಲದ ಸಂತೆಯ ತರಕಾರಿ ಮಾರಾಟಗಾರರಿಂದ ಕೊಳ್ಳುವುದೂ ಸಾಧ್ಯವಾಗಲಿಲ್ಲ.

ಪರಿಣಾಮ ಮತ್ತು ಚರ್ಚೆ

ಚೀಟಿ ಪಡೆದ ಕುಟುಂಬಗಳು ಹೆಚ್ಚು ಹಣ್ಣು ತರಕಾರಿ ಕೊಂಡವೆಂದು ಕೆಲವು ಅಧ್ಯಯನಗಳು ತಿಳಿಸಿವೆ. ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವೆಂದು ಮತ್ತೆ ಕೆಲವು ಹೇಳಿವೆ. ಮೊದಲೇ ಹಾಲು ತರಕಾರಿ ಕೊಳ್ಳುತ್ತಿದ್ದ ಕುಟುಂಬವು ಚೀಟಿಯಿಂದ ಉಳಿದ ಹಣವನ್ನು ಬೇರೆ ಖರ್ಚಿಗೆ ಬಳಸಬಹುದು. ಹೀಗಾಗಿ ಚೀಟಿಯ ನಿಜವಾದ ಪರಿಣಾಮವನ್ನು ಅಳೆಯುವುದು ಸುಲಭವಲ್ಲ.

ನಗದನ್ನೇ ನೀಡಿದರೆ ಕುಟುಂಬದ ಆಯ್ಕೆಯ ಸ್ವಾತಂತ್ರ್ಯ ಉಳಿಯುತ್ತದೆ ಎಂಬುದು ಒಂದು ವಾದ. ಬಾಡಿಗೆ, ವಿದ್ಯುತ್ ಮುಂತಾದ ಒತ್ತಡಗಳ ನಡುವೆ ಮಗುವಿನ ಆಹಾರಕ್ಕೆಂದೇ ಮೀಸಲಾದ ಹಣವನ್ನು ಚೀಟಿ ಕಾಪಾಡುತ್ತದೆ ಎಂಬುದು ಇನ್ನೊಂದು. ಅರ್ಹರಲ್ಲಿ ಗಣನೀಯ ಭಾಗ ಅರ್ಜಿಯನ್ನೇ ಸಲ್ಲಿಸದಿರುವುದು ಯೋಜನೆಯ ದೊಡ್ಡ ಕೊರತೆಯಾಗಿದೆ. ಪ್ರಮುಖ ಬ್ರ್ಯಾಂಡ್‌ಗಳ ಪುಡಿಹಾಲಿನ ಬೆಲೆಗೆ 8.50 ಪೌಂಡ್ ಸಾಲದು ಎಂಬ ಆಕ್ಷೇಪವೂ ಕೇಳಿಬಂದಿದೆ. ಹೆನ್ರಿ ಡಿಂಬಲ್ಬಿ ನೇತೃತ್ವದ 2021ರ ರಾಷ್ಟ್ರೀಯ ಆಹಾರ ಕಾರ್ಯತಂತ್ರ ವರದಿಯು ಹೆಚ್ಚು ಕುಟುಂಬಗಳಿಗೆ ಯೋಜನೆಯನ್ನು ವಿಸ್ತರಿಸಬೇಕೆಂದು ಶಿಫಾರಸು ಮಾಡಿತು. ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್ ಸಹ ಇದೇ ಬೇಡಿಕೆಯನ್ನು ಮುಂದಿಟ್ಟು ಪ್ರಚಾರ ನಡೆಸಿದರು.

ಇವನ್ನೂ ನೋಡಿ

* ಅನ್ನಭಾಗ್ಯ ಯೋಜನೆ
* ಮಾತೃಪೂರ್ಣ ಯೋಜನೆ
* ಸಮಗ್ರ ಶಿಶು ಅಭಿವೃದ್ಧಿ ಯೋಜನೆ