ಸವಾಲಿಗೆ ಜವಾಬು ಕೊಡುತ್ತಿದ್ದವಳು

ಬೈಲಹೊಂಗಲದಲ್ಲಿ ಸಂಗ್ಯಾ ಎಂಬವನ ಕೊಲೆಯಾದಾಗ ಆ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದ್ದು ಲಾವಣಿ. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ಅದೂ ಒಂದು. ಅದೇ ಕಥೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ರಂಗಕ್ಕೂ ಏರಿತು. ಕೇಳುವ ಕಥೆ ನೋಡುವ ಕಥೆಯಾದಾಗ ಅದರ ನಾಯಕಿ ಗಂಗಿಗೆ ವೇಷ ಬಂತು, ತನ್ನ ಬಾಯಿಂದಲೇ ಆಡುವ ಮಾತೂ ಬಂತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಹಾಡಿನ ಕಥೆ ಒಂಟಿ ದನಿಯದ್ದಾಗಿರಲಿಲ್ಲ. ಗೀಗೀ ಮೇಳಗಳು ದಪ್ಪು, ತುಂತುಣಿ, ತಾಳ ಹಿಡಿದು ಎದುರುಬದುರಾಗುತ್ತಿದ್ದವು. ಹರದೇಶಿ ಮೇಳ ಗಂಡು ಹೆಚ್ಚು ಎಂದರೆ ನಾಗೇಶಿ ಮೇಳ ಹೆಣ್ಣು ಹೆಚ್ಚು ಎನ್ನುತ್ತಿತ್ತು. ಸವಾಲು ಎಷ್ಟು ಮೊನಚೋ ಜವಾಬೂ ಅಷ್ಟೇ ಮೊನಚಾಗಬೇಕು, ಇಲ್ಲವಾದರೆ ಮೇಳ ಸೋತಂತೆ. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಈ ಬಾಯಿಮಾತಿನ ಸಂಪತ್ತನ್ನು ಪುಸ್ತಕಕ್ಕೆ ಇಳಿಸಿದರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’. ಮೊದಲನೆಯದರಲ್ಲಿ ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣಿನ ದನಿಯೇ ಎಲ್ಲ.

ಆಮೇಲೆ ಕ್ಯಾಸೆಟ್ ಬಂತು. ಆಟ, ಹಾಡು ಎರಡೂ ಟೇಪ್ ರಿಕಾರ್ಡರಿನೊಳಗೆ ಸೇರಿ, ವೇಷವನ್ನು ಕೇಳುವವರೇ ಊಹಿಸಿಕೊಳ್ಳಬೇಕಾಯಿತು.

2016ರಲ್ಲಿ ಜಿಯೋ ಬಂದು ಮೊಬೈಲ್ ಡೇಟಾ ಅಗ್ಗವಾದ ಮೇಲೆ ಉತ್ತರ ಕರ್ನಾಟಕದ ಡಿಜೆ ಜಾನಪದ ಯೂಟ್ಯೂಬಿನಲ್ಲಿ ಹೊಳೆಯಾಗಿ ಹರಿಯಿತು. ರಾಯಬಾಗ ತಾಲೂಕಿನ ನಿಪನಾಳದ ಮಾಳು ನಿಪನಾಳ ಅವರ ‘ನಾ ಡ್ರೈವರಾ’ ಮನೆಮಾತಾಯಿತು. ಡ್ರೈವರ್, ಟ್ರ್ಯಾಕ್ಟರ್ ಹುಡುಗ, ಕಬ್ಬು ಕಡಿಯುವವ ಈ ಹಾಡುಗಳ ನಾಯಕರಾದದ್ದು ನಿಜಕ್ಕೂ ದೊಡ್ಡ ಮಾತು; ಸಿನಿಮಾ ಇವರನ್ನು ಇಷ್ಟು ಹತ್ತಿರದಿಂದ ನೋಡಿದ್ದು ಕಡಿಮೆ.

ಆದರೆ ಕಥೆ ಹೇಳುವ ಕೆಲಸ ಮಾತ್ರ ಹಾಡಿನ ಕೈತಪ್ಪಿತು. ಹಾಡು ಒಂದೇ ಅಳಲನ್ನು ಸುತ್ತುತ್ತದೆ. ಹುಡುಗಿ ಯಾರು, ಅವಳಿಗೆ ಬೇರೆ ಕಡೆ ಲಗ್ನ ಗೊತ್ತಾದದ್ದು ಹೇಗೆ ಎಂಬುದನ್ನೆಲ್ಲ ವಿಡಿಯೊದ ಮೊದಲಿನ ಸಂಭಾಷಣೆಯೋ ನಡುವಿನ ದೃಶ್ಯವೋ ಹೇಳಬೇಕು. ಇದು ಇಲ್ಲಿಯ ರೂಢಿ ಮಾತ್ರವಲ್ಲ. 1983ರಲ್ಲಿ ಜಾನ್ ಲ್ಯಾಂಡಿಸ್ ಮೈಕಲ್ ಜಾಕ್ಸನ್ನರ ‘ಥ್ರಿಲ್ಲರ್’ ಹಾಡನ್ನು ಸುಮಾರು 14 ನಿಮಿಷದ ಚಿತ್ರವಾಗಿಸಿದಾಗಲೂ ಹಾಡು ಕೊಟ್ಟದ್ದು ಭಯವನ್ನು. ಪ್ರೇಯಸಿಯ ಕಣ್ಣೆದುರೇ ಹುಡುಗ ಮೃಗವಾಗುವ ಕಥೆಯನ್ನು ಕಟ್ಟಿದ್ದು ಚಿತ್ರ.

ಈ ಬದಲಾವಣೆಯಲ್ಲಿ ಹೆಚ್ಚು ಕಳೆದುಕೊಂಡವಳು ಹುಡುಗಿ. ವಿಡಿಯೊದಲ್ಲಿ ಅವಳ ಮುಖ ತುಂಬ ಹೊತ್ತು ಕಾಣುತ್ತದೆ; ನಗುತ್ತಾಳೆ, ಮುನಿಯುತ್ತಾಳೆ, ಅಕ್ಕಿಕಾಳು ಬೀಳುವಾಗ ತಲೆ ತಗ್ಗಿಸುತ್ತಾಳೆ. ‘ಮೋಸ ಮಾಡಿದಿ’ ಎನ್ನುವ ದನಿ ಮಾತ್ರ ಗಂಡಿನದು. ಅಪ್ಪ ಒಪ್ಪಲಿಲ್ಲವೋ, ಅವಳಿಗೇ ಬೇಡವಾಯಿತೋ ಎಂದು ಹೇಳಲು ಅವಳಿಗೊಂದು ನುಡಿಯೂ ಸಿಗುವುದಿಲ್ಲ. ಯುಗಳ ಹಾಡುಗಳಲ್ಲಿ ಗಾಯಕಿ ತಿರುಗಿ ಬಿದ್ದು ಕೇಳಿದಾಗ ಹಳೆಯ ನಾಗೇಶಿ ಮೇಳದ ಗತ್ತು ಮತ್ತೆ ಕೇಳಿಸುತ್ತದೆ. ಹಾಡು ಬರೆಯುವ ಹುಡುಗರು ಹೆಣ್ಣಿನ ಪಾಲಿಗೂ ಅಷ್ಟೇ ಉದ್ದದ ನುಡಿ ಬರೆಯಬೇಕು.