ವಿಶ್ವವಿದ್ಯಾನಿಲಯವೂ ಸಂಶೋಧನಾಲಯಗಳೂ



ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ಜನರ ಮನಸ್ಸಿಗೆ ಮೊದಲು ಹೊಳೆಯುವುದು ಪರೀಕ್ಷೆ; ಅನಂತರ ಪದವಿ. ಇದು ಕಾರಣವಿಲ್ಲದೆ ಬಂದ ಭಾವನೆಯಲ್ಲ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಏರ್ಪಟ್ಟ ವಿಶ್ವವಿದ್ಯಾನಿಲಯಗಳು ಲಂಡನ್ನಿನ ಮಾದರಿಯನ್ನು ಅನುಸರಿಸಿದವು. ಪಾಠ ಹೇಳುವುದು ಕಾಲೇಜುಗಳ ಕೆಲಸವಾಯಿತು; ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾನಿಲಯದ ಕೆಲಸವಾಯಿತು. ಇರುವ ವಿದ್ಯೆಯನ್ನು ಅಳೆಯುವುದು ಮಾತ್ರವಲ್ಲದೆ, ಇಲ್ಲದ ವಿದ್ಯೆಯನ್ನು ಸಂಪಾದಿಸುವುದೂ ವಿದ್ಯಾಪೀಠದ ಧರ್ಮವೆಂಬ ಮಾತು ನಮ್ಮ ದೇಶದಲ್ಲಿ ಬಲಗೊಂಡದ್ದು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ. ಕಲ್ಕತ್ತದಲ್ಲಿ ಆಶುತೋಷ ಮುಖರ್ಜಿಯವರು 1914ರಲ್ಲಿ ವಿಜ್ಞಾನದ ಕಾಲೇಜನ್ನು ಸ್ಥಾಪಿಸಿದುದು ಈ ಮತಪರಿವರ್ತನೆಯ ಒಂದು ಗುರುತು.

ಮೈಸೂರಿನ ಇತಿಹಾಸದಲ್ಲಿ ಒಂದು ವಿಶೇಷವುಂಟು. ಇಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿ ಸಂಶೋಧನಾಲಯಗಳನ್ನು ಹೆತ್ತಿತೆಂದು ಹೇಳುವಂತಿಲ್ಲ. ಸಂಶೋಧನೆಯೇ ಮೊದಲು ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದಕ್ಕೆ ಕಾಲುಶತಮಾನ ಮೊದಲೇ, 1891ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಓರಿಯಂಟಲ್ ಲೈಬ್ರರಿಯು ತಲೆಯೆತ್ತಿತ್ತು. ಪ್ರಾಕ್ತನಶಾಸ್ತ್ರದ ಇಲಾಖೆಯು ಅದಕ್ಕಿಂತಲೂ ಹಳೆಯದು. ಓರಿಯಂಟಲ್ ಲೈಬ್ರರಿಯು 1916ರಲ್ಲಿ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಬಂದಿತು. 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು. ಹೀಗೆ ತನಗಿಂತ ಹಿರಿಯದಾದ ಸಂಸ್ಥೆಯನ್ನು ಮನೆಗೆ ಬರಮಾಡಿಕೊಂಡ ವಿಶ್ವವಿದ್ಯಾನಿಲಯಕ್ಕೆ ಅಂದಿನಿಂದಲೂ ಒಂದು ಪ್ರಶ್ನೆ ಬೆನ್ನುಹತ್ತಿದೆ: ಇಂತಹ ಸಂಸ್ಥೆಗಳನ್ನು ಯಾವ ನೀತಿಯಿಂದ ನಡೆಸಬೇಕು? ಅವುಗಳ ಕೆಲಸವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಉತ್ತರವನ್ನು ತತ್ತ್ವದಲ್ಲಿ ಹುಡುಕುವ ಮೊದಲು ನಡೆದ ಕೆಲಸವನ್ನು ನೋಡುವುದು ಲೇಸು. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು ಓರಿಯಂಟಲ್ ಲೈಬ್ರರಿಗೆ ತಂದೊಪ್ಪಿಸಿದರು. ಆರ್. ಶಾಮಾಶಾಸ್ತ್ರಿಗಳು ಅದನ್ನು ಪರಿಶೀಲಿಸಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಕಂಡುಕೊಂಡರು. ಮೂಲಪಾಠವು ಅಚ್ಚಾದುದು 1909ರಲ್ಲಿ. ಇಂಗ್ಲಿಷ್ ಅನುವಾದವು ಪುಸ್ತಕರೂಪದಲ್ಲಿ ಹೊರಬಂದುದು 1915ರಲ್ಲಿ. ಭಾರತೀಯರಿಗೆ ರಾಜ್ಯಶಾಸ್ತ್ರವಿರಲಿಲ್ಲವೆಂಬ ಆಕ್ಷೇಪಕ್ಕೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇರೊಂದಿಲ್ಲ. ಆದರೆ ಕಟ್ಟು ಕೈಗೆ ಬಂದ ದಿನದಿಂದ ಅನುವಾದದ ಪುಸ್ತಕವು ಓದುಗರ ಕೈಸೇರುವವರೆಗೆ ಹತ್ತು ವರ್ಷಗಳು ಸಂದವು. ನಡುವಣ ಯಾವುದಾದರೊಂದು ವರ್ಷದಲ್ಲಿ ಲೆಕ್ಕಪರಿಶೋಧಕನು ಬಂದು, ಈ ಸಾಲಿನ ಫಲವೇನೆಂದು ಕೇಳಿದ್ದರೆ ಶಾಸ್ತ್ರಿಗಳು ಏನನ್ನು ತೋರಿಸುತ್ತಿದ್ದರು?

ಶಾಸನಗಳ ವಿಷಯವೂ ಹಾಗೆಯೇ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಮೊದಲನೆಯದು 1886ರಲ್ಲಿಯೂ ಹನ್ನೆರಡನೆಯದು 1904ರಲ್ಲಿಯೂ ಪ್ರಕಟವಾದವು. ಅವರ ಅನಂತರ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919, 1929ರಲ್ಲಿ ಬಂದವು, ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಇಪ್ಪತ್ತೆರಡು ವರ್ಷ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದವರೆಲ್ಲರೂ ಈ ಎರಡು ಗ್ರಂಥಗಳ ಋಣದಲ್ಲಿದ್ದಾರೆ. ಇಂತಹ ಕಾರ್ಯವು ತೆಂಗಿನ ಸಸಿಯಂತೆ. ನೆಟ್ಟವನು ಎಳನೀರನ್ನು ಮರುವರ್ಷವೇ ಬಯಸಬಾರದು.

ಆದರೆ ಈ ಮಾತನ್ನೇ ನೆಪಮಾಡಿಕೊಂಡು, ಸಂಶೋಧನಾಲಯಗಳನ್ನು ಯಾರೂ ವಿಚಾರಿಸಕೂಡದೆಂದು ವಾದಿಸುವುದು ಸರಿಯಲ್ಲ. ನಿಧಾನವಾಗಿ ನಡೆಯುವ ಕೆಲಸಕ್ಕೂ ನಿಂತುಹೋದ ಕೆಲಸಕ್ಕೂ ಹೊರನೋಟದಲ್ಲಿ ಭೇದ ಕಾಣುವುದಿಲ್ಲ. ಓಲೆಗರಿಯನ್ನು ಹುಳು ತಿನ್ನುವಾಗ ಸದ್ದಾಗುವುದಿಲ್ಲ. ಪಂಡಿತನು ನಿವೃತ್ತನಾದ ಮೇಲೆ ಆ ಸ್ಥಾನಕ್ಕೆ ಯಾರೂ ಬಾರದಿದ್ದರೆ, ಬಾಗಿಲಿನ ಮೇಲಣ ಫಲಕ ಮಾತ್ರ ಉಳಿದು ಒಳಗಣ ವಿದ್ಯೆ ಅಳಿಯುತ್ತದೆ. ಆದಕಾರಣ ವಿಮರ್ಶೆ ಬೇಕೇ ಬೇಕು. ಅದು ಹೇಗಿರಬೇಕೆಂಬುದೇ ವಿಚಾರ.

ನನ್ನ ಅಭಿಪ್ರಾಯದಲ್ಲಿ ಎಲ್ಲ ಸಂಸ್ಥೆಗಳಿಗೂ ಒಂದೇ ಕಟ್ಟಳೆಯನ್ನು ವಿಧಿಸುವುದೇ ದೊಡ್ಡ ದೋಷ. ಸಂಶೋಧನಾಲಯಗಳಲ್ಲಿ ಮೂರು ಬಗೆಯುಂಟು. ಮೊದಲನೆಯವು ಭಂಡಾರಗಳು, ಹಸ್ತಪ್ರತಿಗಳನ್ನು ಕಾಪಾಡುವ ಸಂಸ್ಥೆಗಳು ಈ ಜಾತಿಯವು. ಇವುಗಳನ್ನು ಮುಚ್ಚುವ ಪ್ರಶ್ನೆಯೇ ಏಳಕೂಡದು. ಪ್ರತಿಗಳು ಕ್ಷೇಮವಾಗಿವೆಯೆ, ಅವುಗಳ ಪಟ್ಟಿ ಸಿದ್ಧವಾಗಿದೆಯೆ, ಲಿಪಿಯನ್ನು ಓದಬಲ್ಲವರು ಇದ್ದಾರೆಯೆ ಎಂದಷ್ಟೇ ಕೇಳಬೇಕು. ಎರಡನೆಯವು ದೀರ್ಘಕಾರ್ಯವನ್ನು ಹೊತ್ತವು. 1946ರಲ್ಲಿ ಪ್ರಕಟವಾದ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇಂತಹ ಕಾರ್ಯದ ಫಲ. ಇವುಗಳಿಗೆ ವರ್ಷದ ಲೆಕ್ಕಕ್ಕಿಂತ ಸಂಪುಟದ ಲೆಕ್ಕವೇ ತಕ್ಕುದು. ಮೂರನೆಯವು ಒಂದು ಗೊತ್ತಾದ ಪ್ರಶ್ನೆಗಾಗಿ ಹುಟ್ಟಿದವು. ಪ್ರಶ್ನೆ ತೀರಿದ ಮೇಲೆ ಅವು ಮುಗಿದರೆ ಅದು ಸೋಲಲ್ಲ, ಸಾರ್ಥಕ್ಯ.

ಇನ್ನೊಂದು ಮಾತು ಬೋಧನೆಗೆ ಸಂಬಂಧಿಸಿದುದು. ಜರ್ಮನಿಯಲ್ಲಿ 1810ರ ಬರ್ಲಿನ್ ವಿಶ್ವವಿದ್ಯಾನಿಲಯವು ಬೋಧನೆಯನ್ನೂ ಸಂಶೋಧನೆಯನ್ನೂ ಒಂದುಗೂಡಿಸುವ ಆದರ್ಶವನ್ನು ಮುಂದಿಟ್ಟಿತು; 1911ರಲ್ಲಿ ಅಲ್ಲಿಯೇ ಕೈಸರ್ ವಿಲ್ಹೆಲ್ಮ್ ಸಂಘವು ವಿಶ್ವವಿದ್ಯಾನಿಲಯಗಳ ಹೊರಗೆ ಪ್ರತ್ಯೇಕ ಸಂಶೋಧನಾಲಯಗಳನ್ನು ಕಟ್ಟತೊಡಗಿತು. ಎರಡು ಮಾರ್ಗಗಳಿಗೂ ಗುಣವುಂಟು. ಮೈಸೂರಿನ ಅನುಭವವು ಮೊದಲನೆಯದರ ಕಡೆಗೆ ಒಲಿಯುತ್ತದೆ. 1929ರಲ್ಲಿ ಪ್ರಾಕ್ತನಶಾಸ್ತ್ರದ ಇಲಾಖೆಯ ಡೈರೆಕ್ಟರಾದ ಡಾಕ್ಟರ್ ಎಂ. ಹೆಚ್. ಕೃಷ್ಣ ಅವರು ಮಹಾರಾಜಾ ಕಾಲೇಜಿನಲ್ಲಿ ಚರಿತ್ರೆಯ ಪ್ರಾಧ್ಯಾಪಕರೂ ಆಗಿದ್ದರು. ಚಂದ್ರವಳ್ಳಿಯ ಉತ್ಖನನವನ್ನು ನಡೆಸಿದವರೂ, ಸುಮಾರು ಕ್ರಿ. ಶ. 450ರದೆಂದು ಎಣಿಸಲಾದ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರೂ ಅವರೇ. ಅಗೆದು ತೆಗೆದ ಗುರುವಿನ ಬಾಯಿಂದಲೇ ಪಾಠವನ್ನು ಕೇಳುವ ಭಾಗ್ಯವು ವಿದ್ಯಾರ್ಥಿಗಳಿಗೆ ಲಭಿಸಿತು. ಪಾಠ ಹೇಳದ ಸಂಶೋಧಕನಿಗೆ ಶಿಷ್ಯರಿರುವುದಿಲ್ಲ. ಶಿಷ್ಯರಿಲ್ಲದ ಸಂಸ್ಥೆಗೆ ಸಂತಾನವಿರುವುದಿಲ್ಲ.

ಈ ಸಂತಾನದ ಮಹತ್ತ್ವಕ್ಕೆ ಒಂದು ನಿದರ್ಶನವನ್ನು ಕೊಟ್ಟು ಮುಗಿಸುತ್ತೇನೆ. 1966ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆಯು ಸ್ಥಾಪಿತವಾಯಿತು. ರೈಸ್ ಅವರ ಶಾಸನಸಂಪುಟಗಳನ್ನು ಪರಿಷ್ಕರಿಸುವ ಹೊಣೆಯನ್ನು ಅದು ವಹಿಸಿಕೊಂಡು, 1972ರಲ್ಲಿ ಮೊದಲನೆಯ ಸಂಪುಟವನ್ನು ಹೊರತಂದಿತು. 1886ರಲ್ಲಿ ಒಬ್ಬರು ಆರಂಭಿಸಿದ ಕೆಲಸವನ್ನು ಎಂಬತ್ತಾರು ವರ್ಷಗಳ ತರುವಾಯ ಬೇರೆಯವರು ತಿದ್ದಿ ಬೆಳೆಸಲು ಸಾಧ್ಯವಾದುದು ಹೇಗೆ? ಹಳಗನ್ನಡವನ್ನು ಓದಬಲ್ಲ ತಲೆಮಾರುಗಳು ನಡುವೆ ಕಡಿದುಹೋಗದೆ ಬೆಳೆದುಬಂದದ್ದರಿಂದ. ಸಂಶೋಧನಾಲಯಗಳ ನೀತಿಯನ್ನು ವಿಮರ್ಶಿಸಲು ಕುಳಿತವರು ಹಣದ ಲೆಕ್ಕವನ್ನು ನೋಡಲಿ, ಪ್ರಕಟಣೆಗಳ ಲೆಕ್ಕವನ್ನೂ ನೋಡಲಿ. ಅವೆರಡರ ಜೊತೆಗೆ, ಈ ಮನೆಯ ದೀಪವನ್ನು ನಾಳೆ ಹಚ್ಚುವವರು ಯಾರೆಂಬುದನ್ನು ತಪ್ಪದೆ ಕೇಳಲಿ.